ಸಾವಂತ್ರೆವ್ವನ ಸವತಿ ಹೃದಯ

ಸಾವಂತ್ರೆವ್ವನ ಹೃದಯ ಇನ್ನು ಸರಿಹೋಗುವುದಿಲ್ಲ ಎಂಬ ಸುದ್ದಿ ಅವಳಿಗಿಂತ ಮೊದಲು ಒಂದು ಯಂತ್ರಕ್ಕೆ ಗೊತ್ತಾಯಿತು. ಆ ಹೊತ್ತಿಗೆ ಇದರಲ್ಲಿ ವಿಶೇಷವೇನೂ ಉಳಿದಿರಲಿಲ್ಲ. ಎದೆ ನಡುಗುತ್ತದೆ ಎಂದು ಆಸ್ಪತ್ರೆಗೆ ಹೋದ ಯಾರಿಗೇ ಆಗಲಿ, ಮೊದಲು ಅವರ ಹೃದಯದ್ದೇ ಒಂದು ನಕಲನ್ನು ಮಾಡುತ್ತಿದ್ದರು. ಮೇಣದ್ದಲ್ಲ, ರಬ್ಬರಿನದ್ದಲ್ಲ, ಕಂಪ್ಯೂಟರಿನೊಳಗೆ ಬರೀ ಲೆಕ್ಕದ ಮೇಲೆ ಬಡಿಯುವ ಹೃದಯ. ಸರಕಾರದ ಬಾಯಲ್ಲಿ ಅದರ ಹೆಸರು ಪ್ರತಿಹೃದಯ. ವೈದ್ಯರು ಮೊದಲು ಕೈಯಿಡುತ್ತಿದ್ದುದು ಅದರ ಮೇಲೆ. ನಡುಕ ಹುಟ್ಟುವ ಜಾಗವನ್ನು ಅಲ್ಲಿ ಸುಟ್ಟು ನೋಡಿ, ಅದು ನೆಟ್ಟಗಾದರೆ ನಿಜವಾದ ಹೃದಯದ ಸರದಿ. ನೆಟ್ಟಗಾಗದಿದ್ದರೆ ರೋಗಿ ಮೇಜು ಹತ್ತುವ ಪ್ರಶ್ನೆಯೇ ಇಲ್ಲ. ಜನ ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು "ನಂದು ಪಾಸಾತು, ನಮ್ಮ ಬೀಗರದು ಫೇಲಾತು" ಎಂದು ಮಾತಾಡಿಕೊಳ್ಳುತ್ತಿದ್ದರು.

ಸಾವಂತ್ರೆವ್ವನದು ಫೇಲಾಗಿತ್ತು.

ಹುಬ್ಬಳ್ಳಿಯ ಹೃದಯ ಭವನದಲ್ಲಿ ಡಾಕ್ಟರ್ ನಿಖತ್ ಮುಲ್ಲಾ ಪರದೆಯನ್ನು ಅವಳ ಕಡೆ ತಿರುಗಿಸಿದರು. ಪರದೆಯ ಮೇಲೆ ಬೂದು ಬಣ್ಣದ ಸಣ್ಣ ಚೀಲವೊಂದು ಒಲೆಯ ಮೇಲಿನ ಅನ್ನದ ಹಾಗೆ ತಕತಕ ಎನ್ನುತ್ತಿತ್ತು.

"ಇದು ನಿಮ್ಮ ಹೃದಯದ ಮ್ಯಾಲಿನ ಎಡಗಡೆ ಖೋಲಿ," ಎಂದರು ನಿಖತ್. "ಬಡೀಬೇಕಾದದ್ದು ಬಿಟ್ಟು ನಡಗಾಕತ್ತೈತಿ. ಶ್ವಾಸಕೋಶದಿಂದ ನಾಕು ರಕ್ತನಾಳ ಬಂದು ಈ ಖೋಲಿಗೆ ಕೂಡ್ತಾವು. ಆ ಬಾಯಿಗಳಾಗ ಕಿಡಿ ಏಳ್ತಾವು. ಬಾಯಿ ಸುತ್ತ ಸಣ್ಣಗ ಸುಟ್ಟು ಬೇಲಿ ಹಾಕಿದ್ರ ಕಿಡಿ ಒಳಗ ಬರೂದಿಲ್ಲ. ಒಮ್ಮೊಮ್ಮೆ ಬಂದು ಹೋಗೂ ಬ್ಯಾನಿಗೆ ಅಷ್ಟ ಸಾಕು. ನಿಮ್ಮದು ಬಿಟ್ಟೂ ಬಿಡದ ಬ್ಯಾನಿ. ನಡಗಿ ನಡಗಿ ಗ್ವಾಡಿನೂ ನಡಗೂದು ಕಲ್ತೈತಿ. ಇನ್ನೂ ಎಲ್ಲೆಲ್ಲಿ ಸುಡಬೇಕು ಅಂತ ಪ್ರತಿಹೃದಯ ಹೇಳಬೇಕು."

"ಏನಂತ ಹೇಳ್ತು?"

"ಎಲ್ಲಿ ಸುಟ್ರೂ ನಿಲ್ಲೂದಿಲ್ಲಂತ."

ಸಾವಂತ್ರೆವ್ವ ಪರದೆಯನ್ನು ದಿಟ್ಟಿಸಿದಳು. ಐವತ್ತು ದಾಟಿದ, ಅಗಲ ಭುಜದ, ಜಜ್ಜಿ ಹೂಕೋಸಿನಂತಾದ ಕಿವಿಗಳ ಹೆಂಗಸು. ಧಾರವಾಡದ ಹೊಸಯಲ್ಲಾಪುರದ ಗರಡಿಯಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುವ ವಸ್ತಾದ. ಗರಡಿಯ ಗುರುವನ್ನು ಆ ಕಡೆ ಹಾಗೇ ಕರೆಯುವುದು. ಇಂಥ ಪುಕ್ಕಲು ಚೀಲ ತನ್ನ ಎದೆಯೊಳಗೆ ಕೂತಿದೆ ಎಂದು ಅವಳಿಗೆ ನಂಬಿಕೆ ಬರಲಿಲ್ಲ.

"ಇದು ನಂದಲ್ರಿ," ಎಂದಳು.

"ನಿಮ್ಮದ ರೀ. ನಿಮ್ಮ ಸ್ಕ್ಯಾನಿನಿಂದ ಮಾಡಿದ್ದು."

ಪಕ್ಕದಲ್ಲಿ ನಿಂತಿದ್ದ ತಂತ್ರಜ್ಞ ಫಕೀರಪ್ಪ ತಲೆಯಾಡಿಸಿದ. ಸ್ಕ್ಯಾನ್ ಮಾಡಿದವನು ಅವನೇ. "ಅಕ್ಕಾರದು ಭಾಳ ಚಂದ ಬಂದಿತ್ತು ಮೇಡಂ. ಉಸಿರು ಹಿಡೀರಿ ಅಂದ್ರ ಕಲ್ಲ ಆಗಿಬಿಡ್ತಾರ. ಬ್ಯಾರೆಯವರ ಚಿತ್ರ ಅಲಗತೈತಿ, ಇವರದು ಒಂದು ಎಳಿ ಅಲಗಿಲ್ಲ."

ಹೊಗಳಿಕೆಗೆ ಸಾವಂತ್ರೆವ್ವ ಹಿಗ್ಗಲಿಲ್ಲ. "ಮುಂದೇನು?" ಎಂದಳು.

ಮುಂದೇನೆಂದು ನಿಖತ್ ಹೇಳಿದರು. ಮೇಲಿನ ಖೋಲಿ ನಡುಗುವುದನ್ನು ಬಿಟ್ಟುಬಿಡುವುದು. ಅದಕ್ಕೂ ಕೆಳಗಿನ ಖೋಲಿಗೂ ನಡುವೆ ಇರುವ ತಂತುವನ್ನು ಸುಟ್ಟು ಕಡಿದು, ಭುಜದ ಕೆಳಗೆ ಬ್ಯಾಟರಿಯೊಂದನ್ನು ಇಟ್ಟು, ಕೆಳಗಿನ ಖೋಲಿಯನ್ನು ಅದರಿಂದ ಬಡಿಸುವುದು. ಮೇಲಿನ ಖೋಲಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಬದುಕಿರುವ ತನಕ ಮಾತ್ರೆ. ಸುಸ್ತು ಕಡಿಮೆಯಾಗುತ್ತದೆ, ಮೆಟ್ಟಿಲು ಹತ್ತಬಹುದು, ಸಂತೆಗೆ ಹೋಗಬಹುದು.

"ಅಖಾಡಕ್ಕ ಇಳೀಬಹುದೇನ್ರಿ?"

ನಿಖತ್ ಸುಳ್ಳು ಹೇಳುವ ಪೈಕಿ ಅಲ್ಲ. "ಇಲ್ಲ. ಭುಜದ ಮ್ಯಾಲೆ ಯಾರರ ಬಿದ್ರ ತಂತಿ ಹರೀತೈತಿ. ತಲಿಗೆ ಪೆಟ್ಟು ಬಿದ್ರ ಮಾತ್ರಿಯಿಂದಾಗಿ ರಕ್ತ ನಿಲ್ಲೂದಿಲ್ಲ. ದಂಡಿಮ್ಯಾಲೆ ಕುಂತು ಹೇಳಿಕೊಡ್ರಿ."

ದಂಡೆಯ ಮೇಲೆ ಕೂತು ಕುಸ್ತಿ ಹೇಳಿಕೊಡುವುದೆಂದರೆ ಒಲೆಯಿಲ್ಲದೆ ಅಡುಗೆ ಹೇಳಿಕೊಟ್ಟ ಹಾಗೆ ಎಂದು ಡಾಕ್ಟರಿಗೆ ಹೇಗೆ ತಿಳಿಯಬೇಕು? ಪಟ್ಟು ಎಂಬುದು ಬಾಯಿಂದ ಕಿವಿಗೆ ಹೋಗುವ ವಿದ್ಯೆಯಲ್ಲ, ಮೈಯಿಂದ ಮೈಗೆ ಹೋಗುವುದು. ಹುಡುಗಿಯ ಸೊಂಟ ಎಲ್ಲಿ ಸಡಿಲಾಗಿದೆ ಎಂದು ಅವಳನ್ನು ಹಿಡಿದ ತೋಳಿಗೆ ಗೊತ್ತಾಗಬೇಕು. ಸಾವಂತ್ರೆವ್ವ ಎದ್ದು ಸೆರಗು ಕೊಡವಿದಳು. "ಆ ಸವತೀನ ನೀವ ಇಟ್ಟುಕೋರಿ. ನನಗ ಬ್ಯಾಟರಿ ಬ್ಯಾಡ," ಎಂದು ಹೊರಗೆ ನಡೆದಳು. ಮೆಟ್ಟಿಲಿಳಿಯುವಾಗ ಏದುಸಿರು ಬಂದು ನಡುವೆ ಕಟಾಂಜನ ಹಿಡಿದು ನಿಲ್ಲಬೇಕಾಯಿತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.

ಗಂಡ ಮಹಾರುದ್ರಪ್ಪನಿಗೆ ವಿಷಯ ತಿಳಿದಾಗ ಅವನು ಸಿಟ್ಟಿಗೆದ್ದದ್ದು ಡಾಕ್ಟರ ಮೇಲಲ್ಲ, ಹೆಂಡತಿಯ ಮೇಲೆ. ಅವನದು ಕರೆಂಟಿನ ಸ್ಕೂಟರುಗಳ ಬ್ಯಾಟರಿ ರಿಪೇರಿ ಅಂಗಡಿ. ಜಗತ್ತಿನಲ್ಲಿ ಅವನು ಪೂರ್ತಿ ನಂಬಿದ ವಸ್ತುವೆಂದರೆ ಬ್ಯಾಟರಿ ಒಂದೇ. ಅದನ್ನು ಹೆಂಡತಿ ಬೇಡವೆಂದು ಬಂದದ್ದು ಅವನ ಕಸುಬಿಗೇ ಮಾಡಿದ ಅಪಮಾನದ ಹಾಗೆ ಕಂಡಿತು.

"ಬ್ಯಾಟರಿ ಏನ ಪಾಪ ಮಾಡೈತಿ?" ಎಂದ, ಅವಳ ತಟ್ಟೆಗೆ ರೊಟ್ಟಿ ಹಾಕುತ್ತ. ಅವಳಿಗೆ ಸುಸ್ತು ಶುರುವಾದಾಗಿನಿಂದ ರೊಟ್ಟಿ ಬಡಿಯುವ ಕೆಲಸ ಅವನದೇ. ಅಂಚು ಹರಿದ ಅವನ ರೊಟ್ಟಿಗಳನ್ನು ಅವಳು ಚಕಾರವೆತ್ತದೆ ತಿನ್ನುತ್ತಿದ್ದಳು. "ಜೀವ ಇರ್ತೈತಲ್ಲ. ಗರಡಿ ಇಲ್ಲಂದ್ರ ಮನಿಷ್ಯಾ ಬದುಕೂದಿಲ್ಲೇನು? ನಾ ಎಂದರ ಗರಡಿಗೆ ಹೋಗೇನಿ? ಬದುಕಿಲ್ಲೇನು?"

"ನೀವು ಬದುಕೀರಿ. ನಿಮಗದು ಸಾಕು."

"ನಿನಗ್ಯಾಕ ಸಾಲೂದಿಲ್ಲ?"

ಸಾವಂತ್ರೆವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಹೆಣ್ಣುಮಕ್ಕಳು ಲಂಗೋಟಿ ಕಟ್ಟುವುದೇ ಎಂದು ಓಣಿಯೆಲ್ಲ ಬಾಯಿ ಬಡಿದುಕೊಂಡಾಗ ಆ ಮಣ್ಣಿಗೆ ಇಳಿದವಳು ಅವಳು. ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದ ಆ ಕೆಂಪು ಮಣ್ಣನ್ನು ಒಬ್ಬೊಬ್ಬರನ್ನೇ ಎದುರಿಸಿ ಗೆದ್ದುಕೊಂಡವಳು. ಈಗ ಒಂದು ಲೆಕ್ಕದ ಚೀಲ ನಡುಗಿತೆಂದು ಬಿಟ್ಟು ಬಾ ಎನ್ನುತ್ತಾರೆ.

"ಸೋತು ಬಾ ಅಂದ್ರ ಬರ್ತೇನ್ರಿ," ಎಂದಳು. "ಹಿಡೀದನ ಸೋತೆ ಅಂದ್ರ ಹೆಂಗ ಒಪ್ಪಲಿ?"

ಮಹಾರುದ್ರಪ್ಪ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ. ಅವನಿಗೆ ಹೆದರಿಕೆಯಾಗಿತ್ತು, ಅಷ್ಟೆ. ರಾತ್ರಿ ಪಕ್ಕದಲ್ಲಿ ಮಲಗಿದ ಹೆಂಡತಿಯ ಎದೆ ಲಯಗೆಟ್ಟು ಹೊಡೆದುಕೊಳ್ಳುವುದು ಅವನಿಗೆ ಕೇಳುತ್ತಿತ್ತು, ಅವಳಿಗೆ ನಿದ್ದೆ ಬಂದ ಮೇಲೂ.

ಫೇಲಾದವರಿಗೆ ಹೃದಯ ಮಂಡಳಿಯ ಮುಂದೆ ಒಂದು ಸಲ ಹೋಗಿ ತಕರಾರು ಹೇಳುವ ಅವಕಾಶವಿತ್ತು. ಹೆಚ್ಚಿನವರು ಹೋಗುತ್ತಿರಲಿಲ್ಲ. ಸಾವಂತ್ರೆವ್ವ ಇಳಕಲ್ ಸೀರೆಯುಟ್ಟು ಹೋದಳು. ಮಂಡಳಿಯ ಅಧ್ಯಕ್ಷರು ಡಾಕ್ಟರ್ ವಾದಿರಾಜ ಕಟ್ಟಿ. ಮೆದು ಮಾತಿನ, ಬೆಳ್ಳಿ ಕೂದಲಿನ, ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಅವಳಿಗೆ ಕೆಲಸ ಸುಲಭವಾಗುತ್ತಿತ್ತು.

"ತಾಯಿ, ನಾ ಹೊಸಾ ಡಾಕ್ಟರ್ ಇದ್ದಾಗ ಈ ಪ್ರತಿಹೃದಯ ಇರಲಿಲ್ಲ," ಎಂದರು ಕಟ್ಟಿಯವರು. "ಆಗ ನಾವು ಅಂದಾಜಿನ ಮ್ಯಾಲೆ ಸುಡತಿದ್ವಿ. ಒಬ್ಬರು ಗೋಡಿ ಹಿಂದ ಸುಡು ಅಂತಿದ್ರು, ಒಬ್ಬರು ಛಾವಣಿ ಸುಡು ಅಂತಿದ್ರು. ಆ ಖೋಲಿ ಬೆನ್ನಿಗೇ ಅನ್ನನಾಳ ಅದ. ಕಾವು ಅಲ್ಲಿಗೆ ಮುಟ್ಟಿ ಅನ್ನನಾಳ ತೂತಾಗಿ ಸತ್ತವರನ್ನ ನಾ ನನ್ನ ಕೈಯಿಂದ ಮನಿಗೆ ಕಳಿಸೀನಿ. ಇದು ಬಂದ ಮ್ಯಾಲೆ ಅಂಥಾ ಸಾವು ನಿಂತಾವ. ಪ್ರತಿಹೃದಯ ಬ್ಯಾಡ ಅಂದದ್ದು ಈ ತನಕ ಒಮ್ಮೆನೂ ತಪ್ಪಾಗಿಲ್ಲ."

"ಅದು ಬ್ಯಾಡ ಅಂದವರನ್ನ ಯಾರನ್ನರ ಸುಟ್ಟು ನೋಡೀರೇನ್ರಿ?"

"ಬ್ಯಾಡ ಅಂದ ಮ್ಯಾಲೆ ಹ್ಯಾಂಗ ಸುಡಲಿಕ್ಕಾಗತದ?"

"ಮತ್ತ ತಪ್ಪಾಗಿಲ್ಲ ಅನ್ನೂದು ಹೆಂಗ ಗೊತ್ತಾತ್ರಿ?" ಸಾವಂತ್ರೆವ್ವನ ದನಿ ಏರಲಿಲ್ಲ. "ನಮ್ಮ ಗರಡ್ಯಾಗ ಒಬ್ಬಾಕಿ ಇದ್ಲು. ಒಂದು ಕುಸ್ತಿನೂ ಸೋತಿದ್ದಿಲ್ಲ. ಒಂದು ಸಲನೂ ಮಣ್ಣಿಗೆ ಇಳದಿದ್ದಿಲ್ಲ."

ಮಂಡಳಿಯವರೊಬ್ಬರು ನಗು ತಡೆದುಕೊಂಡು ಕೆಮ್ಮಿದರು. ಕಟ್ಟಿಯವರು ನಗಲಿಲ್ಲ. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಲು ಬರುವುದಿಲ್ಲ, ಫೇಲಾದವರೆಲ್ಲ ಅದನ್ನೇ ಕೇಳುತ್ತಾರೆ, ಒಬ್ಬರಿಗೆ ಒಂದೇ ಪ್ರತಿಹೃದಯ ಎಂಬುದು ನಿಯಮ ಎಂದು ಮೆತ್ತಗೆ ಹೇಳಿ ಕೈಮುಗಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಿಖತ್ ಮಾತ್ರ ತಲೆ ತಗ್ಗಿಸಿಕೊಂಡೇ ಇದ್ದರು.

ಆ ವಾರದ ಕೊನೆಗೆ ನಿಖತ್ ಗರಡಿಗೇ ಬಂದರು. ಹುಡುಗಿಯರು ಬಸ್ಕಿ ಹೊಡೆಯುತ್ತಿದ್ದರು. ಸಾವಂತ್ರೆವ್ವ ದಂಡೆಯ ಮೇಲೆ ಕೂತು, ಇಳಿಯಲಾಗದ ಸಂಕಟಕ್ಕೆ ಎಲ್ಲರನ್ನೂ ಬೈಯುತ್ತಿದ್ದಳು. ಅಂಗಡಿಗೆ ಬೀಗ ಹಾಕಿ ಬಂದ ಮಹಾರುದ್ರಪ್ಪನೂ ಅಲ್ಲೇ ಇದ್ದ, ಅವಳು ಎಲ್ಲಿ ಕದ್ದು ಮಣ್ಣಿಗಿಳಿಯುತ್ತಾಳೋ ಎಂದು ಕಾವಲಿಗೆ.

"ನೀವು ಅವತ್ತ ಕೇಳಿದ ಪ್ರಶ್ನೆ ನನಗ ಭಾಳ ವರ್ಷದಿಂದ ಐತಿ," ಎಂದರು ನಿಖತ್, ಚಪ್ಪಲಿ ಹೊರಗೆ ಬಿಟ್ಟು ಬಂದು ಅವಳ ಪಕ್ಕ ಕೂರುತ್ತ. "ಕೇಳೂ ಧೈರ್ಯ ಇರಲಿಲ್ಲ. ಈಗಿನ ಹೊಸಾ ಯಂತ್ರ ಪ್ರತಿಹೃದಯ ಹೂಂ ಅನ್ನದ ಕಿಡಿ ಬಿಡೂದ ಇಲ್ಲ, ಬೀಗ ಹಾಕಿಬಿಟ್ಟಾರ. ಆದ್ರ ಹುಡುಗರಿಗೆ ಕಲಿಸೂ ಖೋಲ್ಯಾಗ ಒಂದು ಹಳೀ ಯಂತ್ರ ಐತಿ. ರೇಡಿಯೊ ತರಂಗದ ಕಾವಿನಿಂದ ಸುಡೂದು. ಅದಕ್ಕ ಯಾರ ಅಪ್ಪಣೆನೂ ಬೇಕಾಗಿಲ್ಲ. ನಾ ಕಲ್ತದ್ದು ಅದರ ಮ್ಯಾಲೆ."

"ಅದು ತಪ್ಪಲ್ಲೇನ್ರಿ?" ಎಂದ ಮಹಾರುದ್ರಪ್ಪ.

"ನಿಯಮದಾಗ ಬ್ಯಾಡ ಅಂತ ಬರದಿಲ್ಲ. ಮಾಡ್ತಾರಂತ ಯಾರೂ ಅನ್ಕೊಂಡಿಲ್ಲ, ಅದಕ್ಕ." ನಿಖತ್ ಸಾವಂತ್ರೆವ್ವನ ಕಡೆಗೇ ತಿರುಗಿದರು. "ಆದ್ರ ಕಟ್ಟಿ ಸರ್ ಹೇಳಿದ್ದು ಖರೆ. ಅನ್ನನಾಳಕ್ಕ ಕಾವು ಮುಟ್ಟಬಹುದು. ಹೆಪ್ಪು ಎದ್ದು ಲಕ್ವಾ ಹೊಡೀಬಹುದು. ಎಲ್ಲಾ ಮಾಡಿನೂ ನಡುಕ ನಿಲ್ಲದ ಇರಬಹುದು. ನನ್ನ ನೌಕರಿ ಹೋಗಬಹುದು, ಅದು ನನ್ನ ಸಂಕಟ. ಪೂರ್ತಿ ಮಂಪರು ಕೊಡಾಕ ಅರಿವಳಿಕೆಯವರು ಯಾರೂ ಬರೂದಿಲ್ಲ. ಅರ್ಧ ಎಚ್ಚರ ಇರಬೇಕಾಗ್ತೈತಿ. ನೋಯತೈತಿ."

"ಎಂದ ಬರಲಿ?" ಎಂದಳು ಸಾವಂತ್ರೆವ್ವ.

ನಿಖತ್ ಅವಳ ಗಂಡನತ್ತ ನೋಡಿದರು. ಮಹಾರುದ್ರಪ್ಪ ಮಣ್ಣನ್ನು ನೋಡುತ್ತಿದ್ದ. ಅಲ್ಲಿ ಹುಡುಗಿಯೊಬ್ಬಳು ಅಡಿಗೆ ಬಿದ್ದಿದ್ದಳು. ಮೇಲಿನವಳು ಎಷ್ಟು ಒತ್ತಿದರೂ ಭುಜ ನೆಲಕ್ಕೆ ತಾಗಿಸಿಕೊಳ್ಳದೆ ಸೇತುವೆಯ ಹಾಗೆ ಕತ್ತಿನ ಮೇಲೆ ಬಾಗಿ ನಿಂತಿದ್ದಳು.

"ಒಂದು ಗಿರಾಕಿ ಕಡಿಮಿ ಆತು ಬಿಡ್ರಿ ಬ್ಯಾಟರಿಗೆ," ಎಂದ ಕೊನೆಗೆ. ಅವನ ಒಪ್ಪಿಗೆ ಹಾಗೆಯೇ ಬರುವುದು.

ಮೇಜಿನ ಮೇಲೆ ಮಲಗಿದ ಸಾವಂತ್ರೆವ್ವನಿಗೆ ಮೊದಲು ಅನಿಸಿದ್ದು ಚಳಿ. ತೊಡೆಯ ಸಂದಿಯಲ್ಲಿ ಮರಗಟ್ಟಿಸುವ ಸೂಜಿ ಚುಚ್ಚಿ, ರಕ್ತನಾಳದೊಳಗಿಂದ ದಾರದಂಥ ತೆಳ್ಳನೆಯ ನಳಿಕೆಗಳನ್ನು ಒಂದೊಂದಾಗಿ ಮೇಲಕ್ಕೆ ಬಿಟ್ಟರು. ಅವು ಹೃದಯದ ಬಲಗಡೆಗೆ ಬಂದು, ನಡುವಿನ ತೆಳು ಪರದೆಯನ್ನು ಚುಚ್ಚಿಕೊಂಡು ಎಡಗಡೆಗೆ ದಾಟಿದವು. ಅವುಗಳಲ್ಲಿ ಒಂದರ ತುದಿ ಗೋಡೆಯನ್ನು ಮುಟ್ಟಿ ಮುಟ್ಟಿ ನಕಾಶೆ ಬರೆಯುವುದು. ಇನ್ನೊಂದು ಒಳಗಿಂದಲೇ ಚಿತ್ರ ತೋರಿಸುವುದು. ಹಳೆಯ ಯಂತ್ರ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಮಂಪರಿನ ಮದ್ದು ತಲೆಗೆ ಏರಿದ್ದರೂ ಅವಳಿಗೆ ಮಾತು ಕೇಳುತ್ತಿತ್ತು, ಓರೆಗಣ್ಣಿಗೆ ಪರದೆಯೂ ಕಾಣುತ್ತಿತ್ತು.

"ಫಕೀರಪ್ಪ, ಸ್ವಲ್ಪ ನೋಡ್ರಿ," ಎಂದರು ನಿಖತ್. ಅವರ ದನಿಯಲ್ಲಿ ಏನೋ ಬದಲಾಗಿತ್ತು. "ಪ್ರತಿಹೃದಯದಾಗ ಈ ಖೋಲಿ ಇಷ್ಟು ಸಣ್ಣದಿತ್ತು. ಇಲ್ಲಿ ನೋಡಿದ್ರ ದೊಡ್ಡದೈತಿ. ಗ್ವಾಡಿನೂ ಅಷ್ಟು ದಪ್ಪ ಇಲ್ಲ. ನಾಳದ ಬಾಯಿ ಎಲ್ಲಾ ತೆರಕೊಂಡಾವು."

"ಯಾರದೋ ಬ್ಯಾರೆಯವರದು ಕೂಡೈತೇನ್ರಿ ಮೇಡಂ?"

"ಇಲ್ಲ, ಗುರುತೆಲ್ಲ ಇವರದ." ನಿಖತ್ ಕೈಯಾಡಿಸದೆ ಯೋಚಿಸಿದರು. ಉತ್ತರ ಸಿಗಲಿಲ್ಲ. ತುದಿಯನ್ನು ನಾಳದ ಬಾಯಿಗೆ ತಂದು, "ಅಕ್ಕಾ, ಸ್ವಲ್ಪ ಉಸಿರು ಹಿಡೀರಿ, ನಳಿಕಿ ಅಲಗಬಾರದು," ಎಂದರು.

ಸಾವಂತ್ರೆವ್ವ ಉಸಿರು ಹಿಡಿದಳು.

ಪರದೆಯ ಮೇಲೆ ಖೋಲಿ ಕಣ್ಣೆದುರೇ ಮುದುಡಿತು. ನಾಳಗಳ ಬಾಯಿ ಚೀಲದ ದಾರ ಎಳೆದ ಹಾಗೆ ಬಿಗಿಯಿತು. ಗೋಡೆ ದಪ್ಪಗಾಯಿತು. ಅವಳ ಎದೆಯೊಳಗೆ ಈಗ ಇದ್ದದ್ದು ಅದೇ ಬೂದು ಬಣ್ಣದ ಪುಕ್ಕಲು ಚೀಲ.

ಫಕೀರಪ್ಪನ ಬಾಯಿಂದ ಒಂದೇ ಮಾತು ಬಂತು. "ಮೇಡಂ, ಇದು ನನ್ನ ಸ್ಕ್ಯಾನ್."

"ಬಿಡ್ರಿ ಉಸಿರು," ಎಂದರು ನಿಖತ್. ಖೋಲಿ ಅರಳಿತು. "ಮತ್ತ ಹಿಡೀರಿ." ಮುದುಡಿತು. "ಬಿಡ್ರಿ. ಅಕ್ಕಾ, ನೀವು ಉಸಿರು ಹೆಂಗ ಹಿಡೀತೀರಿ?"

"ಹೆಂಗಂದ್ರ?" ಮಂಪರಿನಲ್ಲೂ ಅವಳಿಗೆ ಇದು ಕೇಳಬೇಕಾದ ಮಾತೇ ಎನಿಸಿತು. "ಎಲ್ಲಾರೂ ಹಿಡದಂಗ. ದಮ್ಮು ಕಟ್ಟಿ."

ದಮ್ಮು ಕಟ್ಟುವುದು ಎಲ್ಲರಿಗೂ ಬರುವುದಿಲ್ಲ. ಅಡಿಗೆ ಬಿದ್ದಾಗ ಮೇಲಿನವನ ಭಾರಕ್ಕೆ ಪಕ್ಕೆಲುಬು ಮುರಿಯದಂತೆ, ಗಂಟಲು ಮುಚ್ಚಿ, ಹೊಟ್ಟೆ ಬಿಗಿದು, ಒಳಗಿನ ಗಾಳಿಯನ್ನೆಲ್ಲ ಗೋಡೆಯ ಹಾಗೆ ಒತ್ತಿ ನಿಲ್ಲಿಸುವುದು ಅದು. ಗರಡಿಯಲ್ಲಿ ಮೊದಲ ದಿನ ಕಲಿಸುವುದೇ ಅದನ್ನು. ಉಸಿರು ಹಿಡಿ ಎಂದರೆ ಸಾಮಾನ್ಯರು ಸುಮ್ಮನೆ ನಿಲ್ಲಿಸುತ್ತಾರೆ. ಸಾವಂತ್ರೆವ್ವನಿಗೆ ಸುಮ್ಮನೆ ನಿಲ್ಲಿಸುವ ಉಸಿರು ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ಸ್ಕ್ಯಾನಿನ ಕೊಳವೆಯೊಳಗೆ ಅವಳು ಹಾಗೇ ಕಟ್ಟಿದ್ದಳು. ಎದೆಯೊಳಗಿನ ಒತ್ತಡಕ್ಕೆ ರಕ್ತ ಒಳಬರಲಾಗದೆ ಖೋಲಿ ಕುಗ್ಗಿತ್ತು. ಯಂತ್ರ ಆ ಹಿಂಡಿದ ಕ್ಷಣವನ್ನೇ ಅವಳ ಹೃದಯವೆಂದು ತಿಳಿದು, ಅದಕ್ಕೆ ದಪ್ಪ, ಒರಟು ಗೋಡೆ ಕಟ್ಟಿ, ನಡುಗಿಸಿ, ಸುಟ್ಟು, ಸೋತೆ ಎಂದಿತ್ತು. ಚಿತ್ರ ಒಂದೆಳೆ ಅಲುಗದೆ ಬಂದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ನಿಖತ್ ಇಷ್ಟನ್ನೂ ಎರಡು ಮಾತಿನಲ್ಲಿ ಹೇಳಿದರು. ಸಾವಂತ್ರೆವ್ವನಿಗೆ ನಗು ಬಂತು. "ಅಂದ್ರ ಸವತಿ ಇಷ್ಟು ದಿನ ದಮ್ಮು ಕಟಗೊಂಡ ಕುಂತಾಳೇನು?"

"ಹೌದ್ರಿ. ಆದ್ರ ಈಗ ನೀವು ಕಟ್ಟಬ್ಯಾಡ್ರಿ. ಕಾವು ಬಿಡ್ತೇನಿ. ನೋವಾಗ್ತೈತಿ, ಉಸಿರು ಸಡಿಲ ಇರಬೇಕು. ಬಿಗಿದ್ರ ನಳಿಕಿ ಜಾರತೈತಿ."

ಮೊದಲ ಕಾವು ಬಿದ್ದಾಗ ಎದೆಯ ಒಳಗೆ, ಬೆನ್ನಿನ ಹತ್ತಿರ ಯಾರೋ ಕೆಂಡ ಇಟ್ಟ ಹಾಗಾಯಿತು. ಅವಳ ಮೈ ತಾನಾಗಿಯೇ ಬಿಗಿಯಿತು. ನೋವು ಬಂದಾಗ ಕಟ್ಟು ಎಂದು ಒಂದು ಜನ್ಮವಿಡೀ ಮೈಗೆ ಹೇಳಿಕೊಟ್ಟವಳು ಅವಳು. ನೋವು ಬಂದಾಗ ಬಿಡು ಎಂದರೆ ಮೈ ಕೇಳುತ್ತದೆಯೇ? ನಳಿಕೆ ಜಾರಿತು. ನಿಖತ್ ಮತ್ತೆ ಇಟ್ಟರು. ಮತ್ತೆ ಜಾರಿತು.

"ಮಾತಾಡ್ತಿರ್ರಿ," ಎಂದರು ನಿಖತ್. ಅವರ ಹಣೆ ಬೆವರಿತ್ತು. "ಬಾಯಿ ಆಡ್ತಿದ್ರ ಗಂಟಲಾ ಮುಚ್ಚಾಕ ಬರೂದಿಲ್ಲ. ಏನರ ಮಾತಾಡ್ರಿ."

"ಏನ ಮಾತಾಡ್ಲಿ?"

"ಏನರ. ಯಾರನರ ಬೈರಿ."

ಇದು ಸಾವಂತ್ರೆವ್ವನಿಗೆ ಹೇಳಿ ಮಾಡಿಸಿದ ಕೆಲಸ. ಮುಂದಿನ ಕೆಂಡ ಬಿದ್ದೊಡನೆ ಅವಳು ಶುರು ಮಾಡಿದಳು. ಮೊದಲು ಸವತಿಯನ್ನು ಬೈದಳು. ಅವಳ ಬೂದು ಮೋರೆ, ಅವಳ ನಡುಕ, ಹಿಡಿಯದೆಯೇ ಸೋತ ಅವಳ ಹೇಡಿತನ. ಆಮೇಲೆ ಮಂಡಳಿಯನ್ನು ಹಿಡಿದಳು. "ಆ ಕಟ್ಟಿ ಡಾಕ್ಟರು, ತಾಯಿ ತಾಯಿ ಅಂತಾನ, ತಾಯಿ ಕೈ ಹಿಡದು ನೋಡಿಲ್ಲ. ಅವನ ಬೆಳ್ಳಿ ಕೂದಲಕ್ಕಿಷ್ಟು ಮಣ್ಣ ಬೀಳಲಿ. ಕುರ್ಚಿ ಮ್ಯಾಲೆ ಕುಂತು ಹೂಂ ಅನ್ನವರೆಲ್ಲಾ ಒಮ್ಮೆ ನಮ್ಮ ಅಖಾಡಕ್ಕ ಬರಲಿ, ಒಬ್ಬೊಬ್ಬರಿಗೂ ಧೋಬಿ ಪಟ್ಟು ಹಾಕಿ ಕೆಡವತೇನಿ." ಬೈಗುಳ ಹರಿಯುತ್ತಿದ್ದಂತೆ ಉಸಿರೂ ಹರಿಯಿತು. ಫಕೀರಪ್ಪ ಮುಖವಾಡದೊಳಗೇ ನಗುತ್ತಿದ್ದ. ನಿಖತ್ ನಗಲಿಲ್ಲ. ಒಂದರ ಪಕ್ಕ ಒಂದು ಚುಕ್ಕೆಯಿಟ್ಟು ನಾಳಗಳ ಸುತ್ತ ಬೇಲಿ ಮುಗಿಸಿದರು. ಬೆನ್ನಿನ ಕಡೆ ಅನ್ನನಾಳದ ಹತ್ತಿರ ಬಂದಾಗ ಕಾವು ತಗ್ಗಿಸಿ, ಒಳಗೆ ಇಳಿಬಿಟ್ಟ ಉಷ್ಣಮಾಪಕದ ಕಡೆ ನೋಡುತ್ತ, ಮುಟ್ಟಿದ್ದೂ ಮುಟ್ಟದ ಹಾಗೆ ಸುಟ್ಟರು.

ಬೇಲಿ ಮುಗಿದರೂ ನಡುಕ ನಿಲ್ಲಲಿಲ್ಲ.

ಸಾವಂತ್ರೆವ್ವನ ಬೈಗುಳ ಮುಗಿದಿತ್ತು. ಸವತಿ ಹೇಳಿದ್ದೇ ನಿಜವಾಯಿತೇನೋ ಎಂಬ ಭಯ ಮೊದಲ ಸಲ ಅವಳಿಗೆ ಬಂತು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ, ಅವನಿಗೆ ಏನು ಹೇಳುವುದು?

"ಛಾವಣಿ," ಎಂದರು ನಿಖತ್, ತಮಗೇ ಹೇಳಿಕೊಂಡಂತೆ. ಎಡಬಲದ ನಾಳಗಳ ಸುತ್ತಿನ ಎರಡು ಬೇಲಿಗಳ ನಡುವೆ ಮೇಲುಗಡೆ ಗೆರೆಯೊಂದನ್ನು ಸುಡತೊಡಗಿದರು. "ಮಾತಾಡ್ರಿ ಅಕ್ಕಾ."

"ಬೈಗಳು ಮುಗದಾವು."

"ಹಂಗಾದ್ರ ನನ್ನ ಬೈರಿ."

"ನಿಮ್ಮನ್ನ ಹೆಂಗ ಬೈಲಿ," ಎಂದಳು ಸಾವಂತ್ರೆವ್ವ, ಕೆಂಡ ಬೆನ್ನಿಗೆ ತಾಗುತ್ತಿದ್ದಂತೆ. ಕಣ್ಣಲ್ಲಿ ನೀರು ಬಂತು. "ನೀವೊಬ್ಬರ ನನ್ನ ಹಿಡದವರು."

ಪರದೆಯ ಮೇಲಿನ ಗೆರೆ ಬದಲಾಯಿತು. ಅಡ್ಡಾದಿಡ್ಡಿ ಗೀಚು ಹೋಗಿ ಒಂದೇ ಅಳತೆಯ ಹಲ್ಲುಗಳ ಸಾಲು ಬಂತು. ನಡುಕ ಈಗ ಒಂದೇ ದಾರಿ ಹಿಡಿದು ಸುತ್ತುತ್ತಿತ್ತು. "ಸಿಕ್ತು," ಎಂದರು ನಿಖತ್. ಅದು ಸುತ್ತುವ ದಾರಿಯನ್ನು ಹುಡುಕುತ್ತ ಗೋಡೆಯ ಮುಂಭಾಗಕ್ಕೆ ಬಂದು ಅಲ್ಲೊಂದು ಕಡೆ ಕಾವಿಟ್ಟರು. ಹಲ್ಲುಗಳ ನಡುವಿನ ಅಂತರ ಹಿಗ್ಗಿತು, ಇನ್ನೂ ಹಿಗ್ಗಿತು. ಆಮೇಲೆ ಗೆರೆ ನೆಟ್ಟಗೆ ಮಲಗಿತು. ಯಂತ್ರ ಕೂಗಿಕೊಳ್ಳುವ ಮೊದಲೇ ಒಂದು ಬಡಿತ ಎದ್ದಿತು. ಅದರ ಹಿಂದೆ ಇನ್ನೊಂದು. ಅಷ್ಟೇ ಅಂತರಕ್ಕೆ ಮತ್ತೊಂದು.

ಸಾವಂತ್ರೆವ್ವನಿಗೆ ಎದೆಯೊಳಗೆ ಏನೋ ಇಲ್ಲವಾದಂತಾಯಿತು. ಇಷ್ಟು ದಿನ ಮನೆಯೊಳಗೇ ಇದ್ದ ಗದ್ದಲ ನಿಂತ ಮೇಲೆ ಗೊತ್ತಾಗುವ ಹಾಗೆ.

"ಇದು ಪೂರ್ತಿ ಗೆದ್ದಂಗಲ್ಲ," ಎಂದರು ನಿಖತ್. "ಸುಟ್ಟದ್ದು ಮಾಯಬೇಕು. ಮೂರು ತಿಂಗಳು ಕಾಯಬೇಕು. ಮತ್ತ ಬರಬಹುದು."

"ಬಂದ್ರ ಮತ್ತ ಹಿಡೀರಿ," ಎಂದು ಸಾವಂತ್ರೆವ್ವ ಕಣ್ಣು ಮುಚ್ಚಿದಳು.

ಮಂಡಳಿ ಸುಮ್ಮನಿರಲಿಲ್ಲ. ವಿಚಾರಣೆ ಮುಗಿಯುವ ತನಕ ನಳಿಕೆ ಮುಟ್ಟಬಾರದೆಂದು ನಿಖತ್‌ಗೆ ಹೇಳಿತು. ಅವರು ಮನೆಯಲ್ಲಿ ಕೂತರು. ಕೋಣೆಯಲ್ಲಿ ಆಡಿದ ಮಾತೆಲ್ಲ ಧ್ವನಿಮುದ್ರಣವಾಗಿತ್ತು. ಬೈಗುಳದ ಸಮೇತ ಮಂಡಳಿಯವರೆಲ್ಲ ಕೂತು ಕೇಳಿದರಂತೆ. ಮೊದಲ ತಿಂಗಳು ಒಂದೆರಡು ಸಲ ಸಾವಂತ್ರೆವ್ವನ ಎದೆ ಹಳೆಯ ಆಟ ಹೂಡಿತು. ಮಹಾರುದ್ರಪ್ಪ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದು ಪಕ್ಕದಲ್ಲಿ ಕೂತ. ಅದು ತಾನಾಗಿಯೇ ಅಡಗಿತು. ಆಮೇಲೆ ಬರಲಿಲ್ಲ. ನಿಖತ್ ಮನೆಯಿಂದಲೇ ವಿಚಾರಿಸಿಕೊಂಡು, ಬೇರೆ ವೈದ್ಯರಿಗೆ ತೋರಿಸಿ, ಕಾಲ ಬಂದಾಗ ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನೂ ನಿಲ್ಲಿಸಿದರು. ಉಳಿದದ್ದು ಮಂಡಳಿಯ ಅಪ್ಪಣೆ. ಹೃದಯದ ಕಾಯಿಲೆಯವರು ಅಖಾಡಕ್ಕೆ ಇಳಿಯಬೇಕಾದರೆ ಅದಿಲ್ಲದೆ ಆಗದು. ಅವಳದು ಇನ್ನೂ ಫೇಲಾದ ಹೃದಯವೆಂದೇ ಅಲ್ಲಿನ ದಾಖಲೆಯಲ್ಲಿ ಇತ್ತು.

ಸಾವಂತ್ರೆವ್ವ ಕಾದಳು. ಮತ್ತೂ ಕಾದಳು. ಆಮೇಲೆ ಒಂದು ಬೆಳಿಗ್ಗೆ ಕಚ್ಚೆ ಬಿಗಿದು, ಮಣ್ಣಿಗೆ ಕೈಮುಟ್ಟಿ ಹಣೆಗೊತ್ತಿಕೊಂಡು ಇಳಿದೇಬಿಟ್ಟಳು.

ಅವಳು ದಿನವೂ ಇಳಿಯುತ್ತಿದ್ದಾಳೆಂದು ತಿಳಿದು ಕಟ್ಟಿಯವರು ತಾವೇ ಬಂದರು. ಆ ಹೊತ್ತಿಗೆ ಅವಳು ಒಬ್ಬ ಹುಡುಗಿಯ ಸೊಂಟ ಹಿಡಿದು ಸುತ್ತಿಸುತ್ತಿದ್ದಳು. ಮೈಯೆಲ್ಲ ಕೆಂಪು ಮಣ್ಣು, ಮುಖದ ಮೇಲೆ ಬೆವರಿನ ಗೆರೆ.

"ಮಂಡಳಿ ತೀರ್ಮಾನ ಹೇಳಲಿಕ್ಕೆ ಬಂದೆ," ಎಂದರು ಕಟ್ಟಿಯವರು ದಂಡೆಯ ಮೇಲೆ ನಿಂತು. "ಉಸಿರು ಹಿಡಿಯೂದರಾಗ ರೋಗಿಯಿಂದ ತಪ್ಪಾಗ್ಯದ. ಪ್ರತಿಹೃದಯದಾಗ ದೋಷ ಇಲ್ಲ. ಹಿಂಗಂತ ಆಗ್ಯದ. ನಿಮಗಂತ ಹೊಸಾ ಸ್ಕ್ಯಾನ್ ಮಾಡಸ್ತೀವಿ. ಅದು ಹೂಂ ಅಂದ್ರ ಅಖಾಡಕ್ಕ ಅಪ್ಪಣಿ ಕೊಡತೀವಿ. ಅಲ್ಲೀತನಕ ಇಳೀಬಾರದು ತಾಯಿ."

"ಇಳದೇನಲ್ರಿ."

"ಅಪ್ಪಣಿ ಇಲ್ಲದ."

"ಹೌದ್ರಿ. ಇಲ್ಲದ." ಸಾವಂತ್ರೆವ್ವ ಹುಡುಗಿಯನ್ನು ಬಿಟ್ಟು ನೆಟ್ಟಗೆ ನಿಂತಳು. "ಬೂಟು ಬಿಟ್ಟು ಕೆಳಗ ಬರ್ರಿ."

ಕಟ್ಟಿಯವರು ಅನುಮಾನಿಸಿದರು. "ಧೋಬಿ ಪಟ್ಟು ಹಾಕ್ತೀರೇನು? ಎಲ್ಲಾ ಕೇಳೀನಿ ನಾ."

"ಹಾಕೂದಿಲ್ಲ, ಬರ್ರಿ."

ಅವರು ಬೂಟು ಬಿಟ್ಟು, ಪ್ಯಾಂಟು ಮಡಚಿ ಮಣ್ಣಿಗೆ ಇಳಿದರು. ಸಾವಂತ್ರೆವ್ವ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ತಿಳಿಯಲು ಅವರಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಮೂರು ಬೆರಳುಗಳನ್ನು ಅವಳ ಮಣ್ಣು ಮೆತ್ತಿದ ಮಣಿಕಟ್ಟಿನ ಮೇಲಿಟ್ಟರು. ಎಷ್ಟು ವರ್ಷಗಳಾಗಿದ್ದವೋ ಅವರು ಹೀಗೆ ನಾಡಿ ಹಿಡಿದು. ನಾಡಿ ಸಿಗುವ ಜಾಗ ಹುಡುಕಬೇಕಾಯಿತು. ಸಿಕ್ಕ ಮೇಲೆ ಬಿಡಲಿಲ್ಲ. ತಲೆ ಬಾಗಿಸಿ ಕೇಳಿಸಿಕೊಳ್ಳುವವರ ಹಾಗೆ ನಿಂತರು. ಹುಡುಗಿಯರು ಬಸ್ಕಿ ನಿಲ್ಲಿಸಿ ನೋಡುತ್ತಿದ್ದರು.

"ಏನಂತೈತ್ರಿ?"

"ಓಡಲಿಕತ್ತದ," ಎಂದರು ಕಟ್ಟಿಯವರು. ಮತ್ತಷ್ಟು ಹೊತ್ತು ಕಳೆಯಿತು. "ಹೆಜ್ಜಿ ತಪ್ಪಿಲ್ಲ."

"ತಪ್ಪು ನಂದ ಅಂತ ಬರಕೋರಿ. ಬೇಕಾದ್ರ ಎರಡು ಸಲ ಬರಕೋರಿ, ನನಗೇನು ಬ್ಯಾಸರಿಲ್ಲ," ಎಂದಳು ಸಾವಂತ್ರೆವ್ವ. "ಆದ್ರ ನೀವು ಫೇಲ್ ಮಾಡಿ ಮನಿಗೆ ಕಳಿಸೀರಲ್ಲ, ಉಳದವರು, ಅವರೆಲ್ಲಾರೂ ದಮ್ಮು ಕಟ್ಟೂ ಪೈಲವಾನರೇನ್ರಿ? ಅವರದು ಖರೇನ ಫೇಲೋ ಅಲ್ಲೋ ಯಾರು ಹಿಡದು ನೋಡ್ಯಾರ?"

ಕಟ್ಟಿಯವರ ಬೆರಳು ಇನ್ನೂ ಅವಳ ನಾಡಿಯ ಮೇಲೇ ಇತ್ತು.

"ಅವರನ್ನ ಕರೀರಿ. ನಿಖತ್ ಡಾಕ್ಟರನ್ನೂ ಕರೀರಿ. ನೀವು ಕರೀದಿದ್ರ ನಾ ಕರೀತೇನಿ, ಒಬ್ಬೊಬ್ಬರ ಮನಿಗೆ ಹೋಗಿ ಕರೀತೇನಿ. ಈಗ ಮೆಟ್ಟಲಾ ಹತ್ತಾಕ ಬರತೈತಿ ನನಗ." ಸಾವಂತ್ರೆವ್ವ ಅವರ ಮುಖವನ್ನು ನೋಡಿ ಸ್ವಲ್ಪ ಮೆತ್ತಗಾದಳು. "ಕೈ ಬಿಡ್ರಿ ಸರ್. ಹುಡುಗಿ ಕಾಯಾಕತ್ತಾಳ."

ಅವರು ಬಿಟ್ಟರು. ಅವಳು ತಿರುಗಿ, ಎರಡು ಹಿಡಿ ಮಣ್ಣನ್ನು ತೋಳಿಗೆ ತಿಕ್ಕಿಕೊಂಡು, ಎದುರಿನ ಹುಡುಗಿಗೆ ಬಾ ಎಂದು ಕೈ ಮಾಡಿದಳು.